ಹೊಟ್ಟೆಗೆ ಹಾಕಿಕೊಂಡದ್ದು

ಹನ್ನೊಂದು ರಾತ್ರಿ
ಕೆರೆಯಿಂದ ಹೊರಬಿದ್ದ ನೀರು ಸೆಕೆಂಡಿಗೆ
ಎರಡು ಪಾಯಿಂಟ್ ಮೂರು ಏಳು ಘನಮೀಟರ್.
ಹನ್ನೊಂದು ಬೆಳಿಗ್ಗೆ ಬಿಷ್ಕೆಕ್‌ನ ಆ ಮೂರನೇ ಮಹಡಿಯಲ್ಲಿ
ಹಾಳೆ ಅಚ್ಚಾಗಿ, ಸಹಿ ಬಿದ್ದು, ಕಡತ ಸೇರಿತು.
ನೆಟ್ಟಗೆ ನಿಂತ ಅಂಕೆಯನ್ನು ಯಾರು ಅನುಮಾನಿಸುತ್ತಾರೆ?

ಮೀರ್ಗುಲ್ ಅನುಮಾನಿಸಿದಳು,
ಅದೂ ಜಾಣತನದಿಂದಲ್ಲ. ಗ್ರಾಫಿನ ಮೇಲೆ
ಚಹಾ ಲೋಟ ಇಟ್ಟಿದ್ದಳು; ಎತ್ತಿದಾಗ
ಲೋಟದ ಕಲೆಗೆ ಗೆರೆಗಿಂತ ಹೆಚ್ಚು ಏರಿಳಿತವಿತ್ತು.

ಜುಲೈ. ಮೇಲೆ ಹಿಮನದಿ ಹಗಲೆಲ್ಲ ಬೆವರುತ್ತದೆ.
ಅದರ ಕಾಲಬುಡದ ಕೆರೆ
ಶಾಲೆಯ ಫೋಟೋಗೆ ನಿಂತ ಹುಡುಗನಂತೆ
ಹೀಗೆ ಉಸಿರು ಬಿಗಿಹಿಡಿಯುವುದುಂಟೇ?

ಕೋಡ್ ಬಿಚ್ಚಿದಳು. ಗೆನ್ನಾದಿ ಬರೆದದ್ದು, ಒಂಬತ್ತು ವರ್ಷದ ಹಿಂದೆ;
ಈಗ ನೊವೊಸಿಬಿರ್ಸ್ಕ್‌ನ ಬ್ಯಾಂಕೊಂದರಲ್ಲಿ ಸಾಲಗಾರರ ಲೆಕ್ಕ ಇಡುತ್ತಾನಂತೆ.
ಸಾವಿರದ ನಾನೂರ ಆರನೇ ಸಾಲು: ಟ್ರೈ.
ಮಟ್ಟದಿಂದ ಕಟ್ಟೆಯ ಎತ್ತರ ಕಳೆ,
ಉಳಿದದ್ದರ ವರ್ಗಮೂಲ ತೆಗೆ.
ಉಳಿದದ್ದು ಸೊನ್ನೆಗಿಂತ ಕೆಳಗಿಳಿದರೆ
ಮೂಲಕ್ಕೆ ಊರಲು ನೆಲವಿಲ್ಲ, ಯಂತ್ರ ಕೂಗುತ್ತದೆ.
ಕೂಗಿದರೆ ಇರಲಿ ಎಂದು ಕೆಳಗೆ ಕ್ಯಾಚ್:
ಹಿಡಿ. ಏನೂ ಅನ್ನಬೇಡ.
ನಿನ್ನೆಯದನ್ನೇ ಇವತ್ತೂ ಬಡಿಸು.

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು
ನಾನು ಬರೆಯುವ ಈ ನುಡಿಯಲ್ಲಿ ದೊಡ್ಡವರ ಗುಣ;
ಕ್ಷಮೆ ಕೇಳಲು ಬಂದವರು ಹೊಸ್ತಿಲಲ್ಲೇ ಆಡುವ ಮಾತು.
ಇಲ್ಲಿ, ಎರಡು ಬಾಗಿದ ಆವರಣಗಳ ನಡುವಿನ ಹೊಟ್ಟೆ
ಹನ್ನೊಂದು ರಾತ್ರಿ ನುಂಗಿ ತೇಗಿಯೂ ಇಲ್ಲ.

ಮೀರ್ಗುಲ್‌ಗೆ ಈ ನುಡಿ ಗೊತ್ತಿಲ್ಲ. ಅವಳು ಬೈದದ್ದು ರಷ್ಯನ್ನಿನಲ್ಲಿ,
ಆಮೇಲೆ ಮರುಗಿದ್ದು ಕಿರ್ಗಿಜ್‌ನಲ್ಲಿ.
ಗೆನ್ನಾದಿಯೂ ಕೆಟ್ಟವನಲ್ಲ. ಅವತ್ತು ಶುಕ್ರವಾರವಿದ್ದೀತು,
ಮಗುವಿಗೆ ಜ್ವರವಿದ್ದೀತು.
ಪಕ್ಕದಲ್ಲೇ ಅವನ ಟಿಪ್ಪಣಿ ಇದೆ: ತಾತ್ಕಾಲಿಕ.

ಮೊದಲು ಕ್ಯಾಚನ್ನೇ ಕಿತ್ತೊಗೆದಳು.
ಇಡೀ ಓಟ ಆ ಕೆರೆಯಲ್ಲೇ ಮುಗ್ಗರಿಸಿತು;
ಹಿಂದಿನ ಹದಿನೆಂಟು ಕೆರೆಗಳು ಸಾಲಿನಲ್ಲಿ ನಿಂತೇ ಇದ್ದವು.
ಕೂಗಬೇಡ, ಹೋಗು ಎಂದು ಬಿಟ್ಟೂ ನೋಡಿದಳು:
'ಸಂಖ್ಯೆಯಲ್ಲ' ಎಂಬ ಅದು,
ತನಗೆ ತಾನೇ ಸಮನಲ್ಲದ ಅದು,
ಮನೆಯಿಂದ ಮನೆಗೆ ಹುಳಿ ಹಿಂಡುತ್ತ
ಕಣಿವೆಯ ಕೊನೆಯ ಸೇತುವೆಯವರೆಗೂ ನಡೆಯಿತು.

ಹಾಗಾದರೆ ಹಿಡಿಯಲೇಬೇಕು.
ಹಿಡಿದೆ ಎಂದು ಹೇಳಲೂಬೇಕು.
ನಾಲ್ಕು ಸಾಲು ಬರೆದಳು: ಯಾವ ಕೆರೆ, ಎಷ್ಟು ಹೊತ್ತಿಗೆ,
ಯಾವ ಅಂಕೆ ಅಂಕೆ ಮೀರಿತು.
ಹರಿವಿನ ಮನೆಯಲ್ಲಿ: ಗೊತ್ತಿಲ್ಲ.

ನಿರ್ದೇಶಕ ಕನ್ನಡಕ ತೆಗೆದ.
'ಸಚಿವಾಲಯಕ್ಕೆ ಗೊತ್ತಿಲ್ಲ ಅಂತ ಕಳಿಸೋಕಾಗುತ್ತಾ?'
'ಹನ್ನೊಂದು ದಿನದಿಂದ ಅದನ್ನೇ ಕಳಿಸ್ತಿದ್ದೀವಿ,' ಅಂದಳು,
'ಎರಡು ಪಾಯಿಂಟ್ ಮೂರು ಏಳು ಅಂತ ಬರೆದು.'

ಸಂಜೆ ಮೇಲಕ್ಕೆ ಫೋನ್ ಮಾಡಿದಳು.
ಕೆರೆದಂಡೆಯ ತಗಡಿನ ವ್ಯಾಗನ್ನಿನಲ್ಲಿ ಶಾರ್ಶೇನ್.
ಸೆನ್ಸರ್ ಬಂದ ಮೇಲೆ ಅವನ ವಹಿ ಲೆಕ್ಕಕ್ಕಿಲ್ಲ.
ಆದರೂ ಬರೆಯುತ್ತಾನೆ; ಓದಿ ಹೇಳಿದ:
'ಒಂಬತ್ತನೇ ತಾರೀಖು, ಮಂಜು, ಕೋಲು ಕಾಣಲಿಲ್ಲ.
ಹತ್ತು, ಕಂಡಿತು, ನಾಲ್ಕು ಬೆರಳು ಏರಿದೆ.
ಹನ್ನೊಂದು, ಮಂಡಿನೋವು, ಹೋಗಲಿಲ್ಲ.'

ಅವಳಿಗೆ ನಗು ಬಂತು. ಬೆಳಗಿನಿಂದ ತಿದ್ದಿದ ಆ ನಾಲ್ಕು ಸಾಲನ್ನು
ಮೂವತ್ತು ವರ್ಷದಿಂದ ಪೆನ್ಸಿಲಿನಲ್ಲಿ ಬರೆಯುತ್ತಿದ್ದಾನೆ ಈತ.

'ಈಗ ಎಷ್ಟಿದೆ, ಅತಾ?'
'ಗೊತ್ತಿಲ್ಲ. ತಡಿ, ನೋಡಿ ಬರ್ತೀನಿ.'

ಫೋನನ್ನು ಹಲಗೆಯ ಮೇಲೆ ಇಟ್ಟ ಸದ್ದು.
ಬೂಟಿಗಾಗಿ ತಡಕಾಟ. ನಾಯಿ ಒಮ್ಮೆ ಬೊಗಳಿತು. ಬಾಗಿಲು.
ಆಮೇಲೆ ಬಹಳ ಹೊತ್ತು
ನೀರೋ, ಬರೀ ಫೋನಿನ ಮೊರೆತವೋ.
ಪೆನ್ಸಿಲ್ ಹಿಡಿದು ಕೂತಳು,
ಆ ಮನೆಯಲ್ಲಿ ಇನ್ನೂ ಏನೂ ಬರೆಯದೆ.